ಗೆದ್ದಲು ಹತ್ತದ ಮಣ್ಣು

ಮಾರಮ್ಮನ ಮನೆಗೆ ಸರ್ವೆ ನಂಬರ್ ಇರಲಿಲ್ಲ. ಮನೆಗೆ ಅಂಥದ್ದೊಂದು ಬೇಕಾಗುತ್ತದೆಂದು ಅರವತ್ತು ವರ್ಷ ಅವಳಿಗೆ ಯಾರೂ ಹೇಳಿರಲೂ ಇಲ್ಲ.

"ಏಯ್ ಮುದ್ಕಿ, ಸೊಂಟ ಆಮೇಲ್ ನೀವ್ಕೊ. ಚೀಲ ತುಂಬ್ಸು," ಎಂದು ಸೂಪರ್‌ವೈಸರ್ ನಂಜುಂಡಯ್ಯ ಕೂಗಿದ. ಅವನಿಗೆ ಮಾಸ್ಕು, ಮೊಳಕೈವರೆಗಿನ ಗ್ಲೌಸು, ಗಮ್‌ಬೂಟು ಇದ್ದವು. ಮಣ್ಣು ಅಗೆಯುವ ಹೆಂಗಸರಿಗೆ ಸೆರಗಿತ್ತು.

ಸಕಲೇಶಪುರದ ರೈಲ್ವೆ ಹಳಿಯ ಹಿಂದಿನ ಕಂಬದ ಫ್ಯಾಕ್ಟರಿ ಮುಚ್ಚಿ ಹದಿನಾಲ್ಕು ವರ್ಷವಾಗಿತ್ತು. ಮರದ ಕಂಬಗಳನ್ನು ಅಲ್ಲಿ ಹಸಿರು ನೀರಿನ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಿದ್ದರು. ಯಸಳೂರು, ವನಗೂರಿನ ಎಸ್ಟೇಟುಗಳಿಗೆ ಕರೆಂಟು ಹೋದದ್ದು ಆ ಕಂಬಗಳ ಮೇಲೆ. ಬೇಲಿಗೆ ಅಂಟಿಕೊಂಡಿದ್ದ ಮಾರಮ್ಮನ ಏಳು ಮನೆಯ ಕಾಲೋನಿಗೆ ಕರೆಂಟು ಬಂದದ್ದು ಫ್ಯಾಕ್ಟರಿ ಮುಚ್ಚಿದ ಮೇಲೆ. ಈಗ ಆ ಜಾಗ ಶುದ್ಧ ಮಾಡಲು ಸರ್ಕಾರದ ಅನುದಾನ ಬಂದಿತ್ತು. ಗೇಟಿನ ಬೋರ್ಡಿನಲ್ಲಿ ಮುಂದೆ ಆಗಲಿರುವ ಪಾರ್ಕಿನ ಚಿತ್ರವಿತ್ತು. ಚಿತ್ರದಲ್ಲಿ ಕಾಲೋನಿ ಇರಲಿಲ್ಲ.

ಮಧ್ಯಾಹ್ನ ಮಾರಮ್ಮ ನೀರಿನ ಕ್ಯಾನಿನ ಮೇಲಿದ್ದ ಲೋಟಕ್ಕೆ ಕೈ ಹಾಕಿದಳು.

"ಮುಟ್ಬೇಡ! ಕೈಯೊಡ್ಡು, ಹುಯ್ತೀನಿ," ಎಂದ ನಂಜುಂಡಯ್ಯ.

"ಇನ್ನೂವೆ ಅದೇಯಾ ಸ್ವಾಮಿ?"

"ಜಾತಿ ಎತ್ಬೇಡ ಕಣಮ್ಮಿ. ನಿನ್ ಕೈಲಿ ವಿಷ ಐತೆ, ಅದುಕ್ಕೆ. ಇಲಿ ಪಾಷಾಣ ಗೊತ್ತಲ್ಲ? ಈ ಮಣ್ಣಾಗಿರೋದು ಅದೇಯ."

ಅವಳು ಬಗ್ಗಿ ಬೊಗಸೆಯೊಡ್ಡಿದಳು. ಅವನು ಮೇಲಿಂದ ಹುಯ್ದ. ಎರಡು ಗುಟುಕು ಇಳಿದ ಮೇಲೆ ಅವನ ಮಾತು ಅವಳ ತಲೆಗೆ ಹೋಯಿತು.

"ಯಾವ ಮಣ್ಣು?"

"ಹಸ್ರು ತಿರುಗೈತಲ್ಲ, ಅದು. ಕಂಬ ಸೋರ್ತಿದ್ ಜಾಗದ್ದು."

ಬೊಗಸೆಯ ನೀರು ಕಾಲ ಮೇಲೆ ಚೆಲ್ಲಿತು.

ಆ ಮಣ್ಣನ್ನು ಕಾಲೋನಿಗೆ ಮೊದಲು ಹೊತ್ತವಳು ಮಾರಮ್ಮನೇ. ಗಂಡ ಗಿಡ್ಡಯ್ಯ ಕಂಬ ಅದ್ದುವ ಕೆಲಸಕ್ಕಿದ್ದ. ಕೊನೆಗೆ ಅಂಗೈ ತುಂಬ ಗಂಟು ಎದ್ದು, ತುತ್ತು ಹಿಡಿಯಲಾಗದೆ ಸತ್ತ. ಕಂಬಕ್ಕೆ ಗೆದ್ದಲು ಹತ್ತಲ್ಲ, ಕಂಬ ಸೋರಿದ ನೆಲಕ್ಕೂ ಹತ್ತಲ್ಲ ಎಂದು ಅವನು ಒಮ್ಮೆ ಹೇಳಿದ್ದ. ಕಾಲೋನಿಯ ಮಣ್ಣಿನ ಗೋಡೆಗಳನ್ನು ಗೆದ್ದಲು ಟೊಳ್ಳು ಮಾಡುತ್ತಿದ್ದ ಕಾಲ. ಮಾರಮ್ಮ ವಾಚ್‌ಮನ್‌ಗೆ ಎಲೆಅಡಿಕೆ ಕೊಟ್ಟು ಎರಡು ಮಂಕರಿ ಮಣ್ಣು ತಂದು, ಸಗಣಿ ಕಲಸಿ ಗೋಡೆಗೆ ಮೆತ್ತಿದಳು. ಗೆದ್ದಲು ಹೋಯಿತು. ಇರುವೆಯೂ ಹೋಯಿತು. ಮುಂದಿನ ಯುಗಾದಿಗೆ ಏಳೂ ಮನೆಯವರು ಅವಳ ಹಿಂದೆ ಮಂಕರಿ ಹಿಡಿದು ಬಂದರು. ಆಮೇಲೆ ಪ್ರತಿ ಯುಗಾದಿಗೂ ಅದೇ ಮಣ್ಣು. ಫ್ಯಾಕ್ಟರಿ ಮುಚ್ಚಿದ ಮೇಲೆ ಬೇಲಿಯ ಕಿಂಡಿಯಿಂದ.

ಮೇಕೆಗಳು ಆ ಗೋಡೆ ನೆಕ್ಕುತ್ತಿದ್ದವು. ಸೊಸೆ ಮಂಜುಶ್ರೀಗೆ ಬಸುರಾದಾಗೆಲ್ಲ ಮಣ್ಣಿನ ಬಯಕೆ. ಬೀದಿಯ ಮಣ್ಣು ಬೇಡ, ಗೋಡೆಯದು ಚೊಕ್ಕಟ ಎಂದು ಮಾರಮ್ಮನೇ ಒಲೆ ಪಕ್ಕದ ಗೋಡೆಯಿಂದ ಬೆಲ್ಲ ಒಡೆದಂತೆ ಒಡೆದು ಕೊಡುತ್ತಿದ್ದಳು. ಎರಡು ಕೂಸು ಉಳಿಯಲಿಲ್ಲ. ಮೂರನೆಯದು ಹೊಟ್ಟೆಯಲ್ಲಿತ್ತು, ಈಗ ಆರು ತಿಂಗಳು.

ಮಾರನೆಯ ದಿನ ಅವಳು ಗೋಡೆಯ ಒಂದು ಹೆಂಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಮಣ್ಣು ಪರೀಕ್ಷೆಯ ಆಫೀಸರ್ ಶೀಲಾ ಬಂದಿದ್ದಳು, ವಿಷ ಅಳೆಯುವ ಪಿಸ್ತೂಲಿನಂಥ ಯಂತ್ರ ಹಿಡಿದು.

"ಮೇಡಂ, ಇದುನ್ನೊಸಿ ನೋಡಿ."

ಶೀಲಾ ಯಂತ್ರವನ್ನು ಹೆಂಟೆಗೆ ಒತ್ತಿದಳು. ಅಂಕಿ ನೋಡಿ ಮತ್ತೆ ಒತ್ತಿದಳು. "ಇದು ಯಾವ ಗುಂಡಿದು?"

"ಗುಂಡಿದಲ್ಲ. ನಮ್ಮನೆ ಗ್ವಾಡೆದು. ಸೊಸೆ ಬಸ್ರಿ. ತಿಂದವ್ಳೆ."

ಶೀಲಾ ಯಂತ್ರ ಕೆಳಗಿಟ್ಟಳು. "ಇವತ್ತೇ ಅವರನ್ನ ಬೇರೆ ಕಡೆ ಕಳಿಸಿ ಅಮ್ಮ."

"ಎಲ್ಲಿಗೆ? ತವರ್ನಾಗೆ ಯಾರೂ ಇಲ್ಲ. ಮಗ ವನಗೂರಾಗೆ ಜೀಪ್ ಓಡುಸ್ತಾನೆ, ಜೀಪ್ನಾಗೇ ಮಲುಗ್ತಾನೆ. ಗ್ವಾಡೆನೂ ಈ ಚೀಲುಕ್ ತುಂಬ್ಕಂಡ್ ಹೋಗಿ, ಬ್ಯಾರೆ ಮಣ್ಣಾಗ್ ಕಟ್ಕೊಡಿ. ಸರ್ಕಾರದ್ ದುಡ್ ಬಂದೈತಂತಲ್ಲ."

"ಅನುದಾನ ಈ ಸರ್ವೆ ನಂಬರ್‌ಗೆ ಮಾತ್ರ. ಕಾಂಪೌಂಡ್ ಒಳಗಷ್ಟೇ. ನಿಮ್ಮನೆ ಯಾವ ನಂಬರಲ್ಲಿದೆ?"

"ನಂಬರಿಲ್ಲ ಮೇಡಂ," ಎಂದಳು ಪಕ್ಕದ ಮನೆಯ ಲಕ್ಷ್ಮಿ, ಗುದ್ದಲಿ ಊರಿ. "ವಿಷ ಒಳಕ್ ಬರಾವಾಗ ನಂಬರ್ ಕೇಳ್ನಿಲ್ಲ."

ನಂಜುಂಡಯ್ಯ ಮಾಸ್ಕು ಕೆಳಗೆಳೆದ. "ಸೈಟಿನ್ ಮಣ್ ಕದ್ದು ಮನೆ ಬಳ್ಕಂಡು, ಈಗ ಸರ್ಕಾರ ಬಂದು ತೊಳ್ಕೊಡ್ಬೇಕಾ? ಕಳ್ ಮುಂಡೇರಾ, ಕಂಪ್ಲೇಂಟ್ ಕೊಟ್ರೆ ಒಳಗೋಗ್ತೀರ."

"ಕದ್ದಿದ್ದೇಯ ಸ್ವಾಮಿ. ಒಪ್ಕಂತೀನಿ," ಎಂದಳು ಮಾರಮ್ಮ. "ಕದ್ ಮಾಲು ವಾಪಸ್ ತಗಳಿ."

ಹೆಂಗಸರು ನಕ್ಕರು. ಮಾರಮ್ಮ ನಗಲಿಲ್ಲ. ಮುಂದಿನ ಹಂತದಲ್ಲಿ ಸೇರಿಸಲು ಮೇಲಕ್ಕೆ ಬರೆಯುತ್ತೇನೆ, ಒಂದು ವರ್ಷ ಆಗಬಹುದು ಎಂದು ಶೀಲಾ ಹೇಳಿ ಜೀಪು ಹತ್ತಿದಳು.

ಮರುದಿನ ಬೆಳಿಗ್ಗೆ ಮಾರಮ್ಮ ಮಂಜುಶ್ರೀಯನ್ನು ಹಳಿಯಾಚೆಯ ಹೊಂಗೆ ಮರದ ಕೆಳಗೆ ಕೂರಿಸಿ ಬಂದು, ಒಲೆ ಪಕ್ಕದ ಗೋಡೆಗೆ ಹಾರೆ ಹಾಕಿದಳು.

"ಅತ್ತೆ, ಇರೋದೊಂದೇ ಮನೆ!" ಎಂದು ಮಂಜುಶ್ರೀ ಅಲ್ಲಿಂದಲೇ ಕೂಗಿದಳು.

"ಮೆತ್ತಿದ್ದು ನಾನು. ನಾನೇ ಕೆಡವ್ತೀನಿ. ಕೂತ್ಕಳೆ ಸುಮ್ಕೆ."

ಲಕ್ಷ್ಮಿ ಸೈಟಿನ ನೀಲಿ ಚೀಲಗಳ ಕಟ್ಟು ತಂದು ಹಾಕಿದಳು. "ಇವುನ್ನೂ ಕದ್ದೆ, ಮಾರಕ್ಕ." ಆಮೇಲೆ ತನ್ನ ಮನೆಗೆ ಹೋಗಿ ಮಾಡಿನ ಶೀಟು ಇಳಿಸತೊಡಗಿದಳು. ಹನ್ನೆರಡು ಗಂಟೆಗೆ ಉಳಿದವರೂ ಶುರು ಮಾಡಿದ್ದರು. ಮಣ್ಣು ಒಣಗಿತ್ತು, ಬೇಗ ಬಿತ್ತು. ತುಂಬಿದ ಚೀಲಗಳನ್ನು ತಲೆಯ ಮೇಲೆ ಹೊತ್ತು ಗೇಟಿಗೆ ಹೋದರು. ನಂಜುಂಡಯ್ಯ ಗೇಟು ಹಾಕಿದ. ಅವರು ಗೇಟಿನ ಮುಂದೆಯೇ ಪೇರಿಸಿದರು, ಎದೆಮಟ್ಟ. ಒಳಗೆ ಎರಡು ತುಂಬಿದ ಲಾರಿ ನಿಂತಿದ್ದವು.

"ತೆಗೀರೇ ಲೌಡೀರಾ, ಲಾರಿ ಹೋಗ್ಬೇಕು!"

"ಕಾಂಪೌಂಡಿಂದ ಆಚೆಗವೆ ಕಣಪ್ಪ," ಎಂದಳು ಮಾರಮ್ಮ, ಚೀಲದ ಮೇಲೆ ಕೂರುತ್ತ. "ನಿಂಗ್ ಸಂಬಂಧ ಇಲ್ಲ."

ಸಂಜೆ ಪೊಲೀಸರು ಬಂದಾಗಲೂ ಅವಳು ಅಲ್ಲೇ ಇದ್ದಳು. ಕಂಟ್ರಾಕ್ಟರನ ದೂರಿನಲ್ಲಿ ನಷ್ಟ ಎರಡು ಲಾರಿ, ಅರ್ಧ ದಿನ ಎಂದು ಬರೆದಿತ್ತು. ಕಾಲೋನಿಯಲ್ಲಿ ಅಲ್ಲಿಯವರೆಗೆ ಹೋದದ್ದು ಏಳು ಮನೆ, ಒಂಬತ್ತು ಮೇಕೆ, ಗಿಡ್ಡಯ್ಯನೂ ಸೇರಿ ನಾಲ್ಕು ಗಂಡಸರು, ಮಂಜುಶ್ರೀಯ ಎರಡೂ ಸೇರಿ ಹೆಸರಿಡದ ಐದು ಕೂಸು.