ಅಮ್ಮನ ಸತ್ಯವೇದ ಯಾರದು?

ಜಾಲಹಳ್ಳಿಯ ಜಯಪಾಲನಿಗೆ ಪ್ರಶ್ನೆ ಕೇಳುವುದೆಂದರೆ ಪ್ರಾಣ. ಉತ್ತರ ಹೇಳುವ ಕೆಲಸ ಉಳಿದವರದು. ಸರ್ಕಾರಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಿಂದ ನಿವೃತ್ತನಾದ ಮೇಲೆ ಚರ್ಚಿನ ವಾಟ್ಸಾಪ್ ಗುಂಪಿನ ದಿನದ ಪಾಠವನ್ನು ಯಾರೂ ಕೇಳದೆಯೇ ತನ್ನ ತಲೆಗೆ ಕಟ್ಟಿಕೊಂಡಿದ್ದ. ಬೆಳಗಾದರೆ ಬೈಬಲಿನ ಒಂದು ಭಾಗ, ಅದರ ಕೆಳಗೆ ಅವನ ಧ್ಯಾನ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಪ್ರಶ್ನೆ. ಜನ ಹಾಸಿಗೆಯಲ್ಲೇ ಒಂದು ಕಣ್ಣು ತೆರೆದು ‘ಆಮೆನ್’ ಎಂದು ಒತ್ತಿ ಮತ್ತೆ ಮುಸುಕೆಳೆಯುತ್ತಿದ್ದರು. ಜಯಪಾಲ ಮಾತ್ರ ಆ ಆಮೆನ್‌ಗಳನ್ನೆಲ್ಲ ತನಗೆ ಬಿದ್ದ ಓಟುಗಳೆಂದೇ ತಿಳಿದಿದ್ದ.

ಈ ಚಟ ಅವನಿಗೆ ಬಂದದ್ದು ತಾಯಿ ಸಂತೋಷಮ್ಮನಿಂದ. ಆಕೆ ದಿನಾ ಸಂಜೆ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ತನ್ನ ದಪ್ಪ ಸತ್ಯವೇದದಿಂದ, ಅಂದರೆ ಕನ್ನಡ ಬೈಬಲಿನಿಂದ, ಒಂದು ಅಧ್ಯಾಯ ಓದುತ್ತಿದ್ದಳು. ಓದಿ ಮುಗಿಸಿ ಒಂದು ಪ್ರಶ್ನೆ. ಉತ್ತರ ಹೇಳದಿದ್ದರೆ ಊಟವಿಲ್ಲ. ಅಕ್ಕ ಸುಗುಣ ಥಟ್ಟನೆ ಉತ್ತರ ಹೇಳಿ ತಟ್ಟೆ ಹಿಡಿಯುತ್ತಿದ್ದಳು. ಜಯಪಾಲ ಅವಳು ಕಿವಿಯಲ್ಲಿ ಪಿಸುಗುಟ್ಟಿದ್ದನ್ನು ಗಟ್ಟಿಯಾಗಿ ಒಪ್ಪಿಸಿ ಊಟ ಗಿಟ್ಟಿಸುತ್ತಿದ್ದ.

ತಾಯಿ ತೀರಿಕೊಂಡು ಮೂರು ವರ್ಷ. ಕೊನೆಗಾಲದಲ್ಲಿ ಆಕೆಯನ್ನು ನೋಡಿಕೊಂಡವಳು, ಕಣ್ಣು ಕಾಣದ ಆಕೆಗೆ ಅದೇ ಸತ್ಯವೇದವನ್ನು ಓದಿ ಹೇಳಿದವಳು ಸುಗುಣ. ಆದರೆ ಸ್ಮರಣೆಯ ಕೂಟ ಮುಗಿದ ದಿನವೇ ಜಯಪಾಲ, “ಮನೆತನದ ಸತ್ಯವೇದ ಮಗನ ಮನೇಲಿರ್ಬೇಕು” ಎಂದು ಅದನ್ನು ಎತ್ತಿಕೊಂಡು ಬಂದುಬಿಟ್ಟ. ಸುಗುಣ ಎಲ್ಲರ ಎದುರಿಗೇ ಅವನನ್ನು ಕಳ್ಳ ಎಂದಳು. ಬೈಬಲು ಕದ್ದವನು ಎನ್ನಿಸಿಕೊಂಡ ಮೇಲೆ ಮಾತೆಲ್ಲಿ ಉಳಿದೀತು? ಎರಡು ಬೀದಿಗಳಾಚೆ ಅವಳ ಮನೆ, ಇಬ್ಬರದೂ ಒಂದೇ ಚರ್ಚು. ಅವಳು ಎಡಗಡೆ ಕೂತರೆ ಇವನು ಬಲಗಡೆ. ‘ನಿನ್ನ ನೆರೆಯವನನ್ನು ಪ್ರೀತಿಸು’ ಎಂಬ ಪಾಠ ಬಂದ ದಿನ ಜಯಪಾಲ ಪಕ್ಕದ ಮನೆಯ ಹನುಮಂತಯ್ಯನವರಿಗೆ ಕೇಕು ಕೊಟ್ಟು ಬಂದಿದ್ದ. ವಾಕ್ಯದಲ್ಲಿ ಅಕ್ಕ ಎಂದು ಎಲ್ಲೂ ಇರಲಿಲ್ಲವಲ್ಲ.

ಆ ಸತ್ಯವೇದವನ್ನು ಅವನು ಜೋಪಾನ ಮಾಡಿದ್ದೇನೋ ನಿಜ. ತಂದ ದಿನವೇ ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಕಾರ್ಖಾನೆಯಲ್ಲಿ ಯಂತ್ರದ ಭಾಗಗಳಿಗೆ ಮಾಡುತ್ತಿದ್ದ ಹಾಗೆ ದಪ್ಪ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಂಚಿಗೆಲ್ಲ ಟೇಪು ಹಚ್ಚಿ, ಗಾಳಿಯೂ ನುಸುಳದಂತೆ ಭದ್ರಮಾಡಿ ಷೋಕೇಸಿನಲ್ಲಿಟ್ಟಿದ್ದ. ತನ್ನ ಪ್ಯಾಕಿಂಗು ಒಂದು ಸಲವೂ ವಾಪಸ್ ಬಂದದ್ದಿಲ್ಲವೆಂದು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದ. ಓದುವುದಕ್ಕೆ ಫೋನ್ ಇತ್ತು.

ಹೀಗಿರುವಾಗ ಓದುವ ಸರದಿಯಲ್ಲಿ ‘ಅರಸುಗಳು’ ಪುಸ್ತಕದ ಸೊಲೊಮೋನನ ತೀರ್ಪು ಬಂತು. ಒಂದು ಮಗು, ಅದು ನನ್ನದೆನ್ನುವ ಇಬ್ಬರು ಹೆಂಗಸರು. ಅರಸನು ಕತ್ತಿ ತರಿಸಿ, ಮಗುವನ್ನು ಸೀಳಿ ತಲಾ ಅರ್ಧ ಕೊಡಿ ಎನ್ನುತ್ತಾನೆ. ಬೇಡ, ಅವಳಿಗೇ ಕೊಟ್ಟುಬಿಡಿ ಎಂದು ಅತ್ತವಳೇ ನಿಜವಾದ ತಾಯಿ. ಜಯಪಾಲನಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು. ‘ತಮ್ಮದಲ್ಲದ್ದನ್ನು ತಮ್ಮದೆಂದು ಜನರ ಎದುರು ಕೂಗಾಡುವವರು ಇಂದಿಗೂ ನಮ್ಮ ನಡುವೆ ಇದ್ದಾರೆ’ ಎಂದು ಧ್ಯಾನ ಬರೆದ. ನಾಟಬೇಕಾದವರಿಗೆ ನಾಟಲಿ ಎಂದು ಕೆಳಗೆ ಪ್ರಶ್ನೆ ಹಾಕಿದ: ‘ಹಾಗಾದರೆ ಮಗು ಯಾರದು?’

ಎಂದಿನಂತೆ ಆಮೆನ್‌ಗಳು ಬಿದ್ದವು. ಆಮೇಲೆ, ಆ ಗುಂಪಿನಲ್ಲಿ ಒಂದು ದಿನವೂ ಬಾಯಿಬಿಡದಿದ್ದ ಸುಗುಣಳ ಉತ್ತರ ಬಂತು: ‘ಅವನ ಹತ್ರಾನೇ ಇರಲಿ. ಹರೀದೆ ಇದ್ರೆ ಸಾಕು.’

ಅಕ್ಕ ತಮ್ಮನ ಜಗಳ ಗೊತ್ತಿಲ್ಲದವರು ಗುಂಪಿನಲ್ಲಿ ಯಾರೂ ಇರಲಿಲ್ಲ. ಹೆಬ್ಬೆರಳುಗಳ, ಮುಗಿದ ಕೈಗಳ ಮಳೆಯೇ ಸುರಿಯಿತು. ಸಭಾಪಾಲಕರು ಎರಡೇ ಪದ ಬರೆದರು: ‘ಸರಿಯಾದ ಉತ್ತರ.’

“ಸೊಲೊಮೋನನ್ನ ಕರ್ಕೊಂಡ್ ಬಂದೋರು ನೀವೇ ಕಣ್ರೀ,” ಎಂದಳು ಹೆಂಡತಿ ಶಶಿಕಲಾ, ದೋಸೆ ಮಗುಚುತ್ತ. “ಈಗ ಅತ್ತಿಗೆ ತಾಯಿ ಆದ್ರು. ನೀವೇನಾದ್ರಿ?”

ಜಯಪಾಲ ತಟ್ಟೆ ಸರಿಸಿ ಫೋನು ಎತ್ತಿಕೊಂಡ. ತಾನೂ ‘ಅವಳಿಗೇ ಇರಲಿ’ ಎಂದು ಬರೆಯೋಣವೆಂದರೆ, ಎರಡನೆಯವಳಾಗಿ ಹೇಳಿದವಳನ್ನು ಯಾವ ಅರಸನೂ ತಾಯಿ ಎನ್ನುವುದಿಲ್ಲ. ಕೊಟ್ಟೇಬಿಡುವುದೊಂದೇ ದಾರಿ. ಕೊಡುವಾಗ ಒಂದು ಫೋಟೋ ತೆಗೆದು ಗುಂಪಿಗೆ ಹಾಕಿದರೆ ಅಷ್ಟಿಷ್ಟು ಮಾನ ಉಳಿದೀತು. ಪ್ಯಾಕೆಟ್ಟನ್ನು ಎದೆಗವಚಿಕೊಂಡು ಹೊರಟ. ಅಕ್ಕನ ಗೇಟಿನ ಮುಂದೆ ನಿಂತಾಗ ಫೋಟೋದ ಯೋಚನೆ ಮರೆತೇಹೋಯಿತು. ಬಾಗಿಲು ತೆಗೆಯದಿದ್ದರೆ ಎಂಬ ಹೆದರಿಕೆಯೊಂದೇ ಉಳಿಯಿತು.

ಬಾಗಿಲು ತೆರೆಯಿತು. ಸುಗುಣಳ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಚರ್ಚಿನಲ್ಲಿ ತಲೆಯ ಮೇಲಿನ ಸೆರಗಿನಿಂದಾಗಿ ಅವನಿಗೆ ಅದು ಕಂಡಿರಲಿಲ್ಲ.

“ತಗೋ ಅಕ್ಕ. ಇದು ನಿಂದೇ.”

“ನಂಗ್ಯಾಕೋ? ನಿನ್ನ ಹತ್ರಾನೇ ಇರಲಿ ಅಂದ್ನಲ್ಲ.”

“ಬಿಚ್ಚಾದ್ರೂ ನೋಡು. ಹೆಂಗಿತ್ತೋ ಹಂಗೇ ಇಟ್ಟಿದೀನಿ.”

ಅವಳು ಕತ್ತರಿ ತಂದು ಟೇಪು ಕತ್ತರಿಸಿದಳು. ಒಳಗಿಂದ ನೆನೆದ ಗೋಣಿಚೀಲದ ವಾಸನೆ ಬಂತು. ಅಂದು ಒರೆಸಿದ ತೇವ ಹೊರಹೋಗಲು ದಾರಿಯಿಲ್ಲದೆ ಒಳಗೇ ಕೂತಿತ್ತು. ರಟ್ಟಿನ ಮೇಲೆಲ್ಲ ಬೂಷ್ಟು. ಅಮ್ಮನ ಹೆಬ್ಬೆರಳಿನ ಎಣ್ಣೆಗುರುತಿದ್ದ ಹಾಳೆಗಳು ಒಂದಕ್ಕೊಂದು ಅಂಟಿ ಹೆಂಟೆಯಾಗಿದ್ದವು.

“ಮೂರು ವರ್ಷದಲ್ಲಿ ಒಂದಿನಾನೂ ತೆಗೆದು ಓದ್ಲಿಲ್ವೇನೋ?”

ಸುಗುಣಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಅವನೂ ಒಂದು ಮಾತು ಆಡಬಹುದಿತ್ತು. ಊರಿಗೆಲ್ಲ ಪ್ರಶ್ನೆ ಹಂಚುವವನು ರಟ್ಟಿನ ಬೂಷ್ಟನ್ನು ಉಗುರಿನಿಂದ ಕೆರೆಯತೊಡಗಿದ. ಸೊಲೊಮೋನನ ಆ ಕಥೆಯಲ್ಲಿ ಇನ್ನೊಂದು ಮಗುವೂ ಇದೆ. ತಾಯಿಯೇ ನಿದ್ದೆಯಲ್ಲಿ ಮೇಲೆ ಹೊರಳಿ ಉಸಿರುಗಟ್ಟಿಸಿದ ಮಗು. ಅದರ ಬಗ್ಗೆ ಅವನು ಧ್ಯಾನ ಬರೆದಿರಲಿಲ್ಲ. ಈಗ ಅದು ನೆನಪಾಗಿ ಜಯಪಾಲನಿಗೆ ಅಳು ಬಂತು.

“ನೀನೇ ಇಟ್ಕೋ ಅಕ್ಕ, ನನ್ ಕೈಲಾಗಲ್ಲ,” ಎಂದು ಪುಸ್ತಕವನ್ನು ಅವಳ ಕೈಗೆ ತುರುಕಿದ.

“ಎಲ್ಲರ ಮುಂದೆ ಅವನಿಗೇ ಇರಲಿ ಅಂದು, ಈಗ ಇಸ್ಕೊಂಡ್ರೆ ಜನ ಏನಂತಾರೆ? ನಾನ್ ಇಟ್ಕೊಳಲ್ಲ!”

“ಹಿಡ್ಕೋ ಅಕ್ಕ!”

“ನೀನ್ ಹಿಡ್ಕೊಳೋ!”

ಅವಳು ಒಂದು ರಟ್ಟು ಹಿಡಿದು ಅವನತ್ತ ತಿರುವಿದಳು, ಅವನು ಇನ್ನೊಂದು ರಟ್ಟು ಹಿಡಿದು ಅವಳತ್ತ ತಿರುವಿದ. ನೆನೆದು ಮೆತ್ತಗಾದ ಹೊಲಿಗೆ ಎಷ್ಟೆಂದು ತಡೆದೀತು? ಪರ್ರನೆ ಸದ್ದಾಯಿತು. ಆದಿಕಾಂಡದಿಂದ ಯೋಬನವರೆಗೆ ಸುಗುಣಳ ಕೈಯಲ್ಲಿ, ಕೀರ್ತನೆಗಳಿಂದ ಕೊನೆಯವರೆಗೆ ಜಯಪಾಲನ ಕೈಯಲ್ಲಿ. ಸೊಲೊಮೋನನ ಕತ್ತಿ ಮಾಡದೆ ಬಿಟ್ಟ ಕೆಲಸವನ್ನು ಇಬ್ಬರು ನಿಜವಾದ ತಾಯಂದಿರು ಸೇರಿ ಮಾಡಿ ಮುಗಿಸಿದ್ದರು.

ಮೊದಲು ನಗು ಬಂದದ್ದು ಸುಗುಣಳಿಗೆ. ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಎಷ್ಟು ಒರೆಸಿದರೂ ಕಣ್ಣೀರು ನಿಲ್ಲಲಿಲ್ಲ. ಆಮೇಲೆ ಚಾಪೆ ಹಾಸಿ, ಫ್ಯಾನಿನ ಕೆಳಗೆ ಇಬ್ಬರೂ ಕೂತು, ಅಂಟಿದ ಹಾಳೆಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. ಕೆಲವು ಬಿಟ್ಟುಕೊಂಡವು, ಕೆಲವು ಹರಿದವು. ಹರಿದಾಗಲೆಲ್ಲ ಸುಗುಣ ಅವನ ಕೈಗೆ ಒಂದೇಟು ಕೊಟ್ಟಳು.

ಅವನು ತನ್ನ ಅರ್ಧ ಹಿಡಿದುಕೊಂಡು ಹೊರಟಾಗ ಬಾಗಿಲವರೆಗೆ ಬಂದಳು.

“ನಾಳೆ ಓದೋದೂ ಅರಸುಗಳೇ ಅಲ್ವಾ?”

“ಹೂಂ.”

“ಅದು ನನ್ನ ಅರ್ಧದಲ್ಲಿದೆ. ಬೆಳಿಗ್ಗೆ ಬಾ.”

“ಫೋನಲ್ಲಿ…”

“ಫೋನ್ ಮನೇಲಿಟ್ಟು ಬಾ. ಪ್ರಶ್ನೆ ನಾನ್ ಕೇಳ್ತೀನಿ. ಉತ್ತರ ಹೇಳ್ದಿದ್ರೆ ತಿಂಡಿ ಇಲ್ಲ. ಈ ಸಲ ಪಿಸುಗುಟ್ಟೋಕೂ ಯಾರೂ ಇರಲ್ಲ.”