ಕ್ರೌನು ಎಡಕ್ಕೆ

‘ಹೋಗ್ತೇನ್ರಿ’ ಅಂದಿದ್ದಳು. ‘ಬರ್ತೇನ್ರಿ’ ಅಂದಿರಲಿಲ್ಲ.

ಲಾರಿಯ ಹೊಟ್ಟೆಯ ಕೆಳಗೆ ಗೋಣಿತಾಟಿನ ಮೇಲೆ ಅಂಗಾತ ಮಲಗಿ ಚನ್ನವೀರಪ್ಪ ಈ ಎರಡು ಮಾತುಗಳನ್ನೇ ತಿರುವಿ ಹಾಕುತ್ತಿದ್ದಾಗ ಹಳೆಯ ಎಣ್ಣೆಯ ಹನಿಯೊಂದು ಸರಿಯಾಗಿ ಕಣ್ಣಿನ ಮೂಲೆಗೆ ಬಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ಪಾನಾ ತಿರುವಿ ಬೋಲ್ಟು ಬಿಗಿದ. ಮುಚ್ಚಿದ ಕಣ್ಣಿಗೆ ಅವಳ ಎರಡು ಪಾದಗಳು ಕಂಡವು.

ಹೆಂಡತಿ ಸರೋಜವ್ವ ತವರಿಗೆ ಹೊರಟ ದಿನವೂ ಅವನು ಇಲ್ಲೇ, ಹೀಗೇ ಮಲಗಿದ್ದ. ಅವಳು ಲಾರಿಯ ಪಕ್ಕ ಬಂದು ನಿಂತಾಗ ಅವನಿಗೆ ಕಂಡದ್ದು ಇಳಕಲ್ ಸೀರೆಯ ಅಂಚು, ಕಾಲುಂಗುರ, ನೆಲಕ್ಕಿಟ್ಟ ಹಸಿರು ಟ್ರಂಕು, ಇಷ್ಟೇ. ಎದ್ದು ಹೊರಗೆ ಬರಬಹುದಿತ್ತು. ‘ಹೂಂ’ ಅಂದ. ಪಾದಗಳು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದವು. ಆಮೇಲೆ ಟ್ರಂಕು ಮೇಲೆದ್ದಿತು, ಪಾದಗಳು ಹೋದವು.

ಹೋಗುವವರು ‘ಬರ್ತೇನಿ’ ಅನ್ನಬೇಕು. ಅದು ತೊದಲು ಮಾತಿನ ಕೂಸಿಗೂ ಗೊತ್ತು. ಬಾಯಿ ತಪ್ಪಿ ಬಂದಿರಬೇಕು ಎಂದು ಅವನು ಮೊದಮೊದಲು ಸಮಾಧಾನ ಮಾಡಿಕೊಂಡ. ಆದರೆ ಸರೋಜವ್ವ ಬಾಯಿ ತಪ್ಪುವ ಹೆಂಗಸಲ್ಲ. ಅವನಿಗೆ ನಿದ್ದೆ ಕೆಡಿಸಿದ್ದು ಅದೇ.

ಮೊನ್ನೆ ಹಂಸಭಾವಿಯಿಂದ ಅವಳ ಅಣ್ಣ ಕರಬಸಪ್ಪ ಹೇಳಿ ಕಳಿಸಿದ್ದ. ಅವನಿಗೆ ಸೋಲಾಪುರದ ಗಿರಣಿಯಲ್ಲಿ ಕೆಲಸ. ಸೋಮವಾರ ನಸುಕಿನಲ್ಲಿ ತಂಗಿಯನ್ನೂ ಕರೆದುಕೊಂಡು ಹೋಗುವವನಿದ್ದಾನಂತೆ. ಕರೆಯಲು ಬರುವ ಮನಸ್ಸಿದ್ದರೆ ರವಿವಾರ ದೀಪ ಹಚ್ಚುವುದರೊಳಗೆ ಬರಬೇಕಂತೆ. ಆಮೇಲೆ ಬರುವ ತೊಂದರೆ ತೆಗೆದುಕೊಳ್ಳಬಾರದಂತೆ.

ಇವತ್ತು ರವಿವಾರ.

ಬೆಳಿಗ್ಗೆ ಹಂಸಭಾವಿಯ ಬಸ್ಸು ಮನೆಯ ಮುಂದೆಯೇ ಹಾದು ಹೋಯಿತು. ತಾಯಿ ವೀರವ್ವ ಬಸ್ಸನ್ನೂ ನೋಡಿದಳು, ಮಗನನ್ನೂ ನೋಡಿದಳು. ಬಸ್ಸಿಗೆ ಹೋಗಿ ಕರಕೊಂಡು ಬರಬಾರದೇ ಎಂದು ಕೇಳಿದಳು. ಲಾರಿಯ ರಿಪೇರಿ ಆಗಲಿಕ್ಕೆ ಬಂದಿದೆ, ಅದರಲ್ಲೇ ಹೋಗುತ್ತೇನೆ ಎಂದ. ಪಕ್ಕದ ಮನೆಯ ಉಡಚಪ್ಪ ಬಂದು ಚಕ್ಕಡಿ ಹೂಡಲೇ ಎಂದು ಕೇಳಿದ. ಅವನಿಗೂ ಅದೇ ಉತ್ತರ.

ಉತ್ತರಕ್ಕೆ ಕಾರಣವೂ ಇತ್ತು, ಓದಿದವರಿಗೆ ಕಾರಣಗಳಿಗೇನು ಬರ. ಮದುವೆಯಾದ ವರ್ಷವೇ ಅವಳನ್ನು ಲಾರಿಯ ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ತವರಿಗೆ ಒಯ್ಯುತ್ತೇನೆಂದು ಮಾತು ಕೊಟ್ಟಿದ್ದ. ಒಯ್ದಿರಲಿಲ್ಲ. ಈಗ ಲಾರಿಯಲ್ಲೇ ಹೋಗಿ ಅವರ ಬಾಗಿಲ ಮುಂದೆ ನಿಂತು ಹಾರ್ನು ಹೊಡೆದರೆ ಹೇಳಬೇಕಾದ್ದನ್ನೆಲ್ಲ ಹಾರ್ನೇ ಹೇಳುತ್ತದೆ. ಬಸ್ಸಿನಲ್ಲಿ ಹೋದರೆ ತಾನೇ ಬಾಯಿ ತೆರೆಯಬೇಕು. ಇದರ ಅಡಿಗೆ ಇನ್ನೊಂದು ಕಾರಣವಿತ್ತು, ಅದನ್ನು ಅವನು ಮುಟ್ಟಲಿಲ್ಲ: ಲಾರಿ ಆಗುವವರೆಗೆ ಅವಳು ಒಲ್ಲೆ ಅಂದಂತೆ ಆಗುವುದಿಲ್ಲ.

ಅವನೇನೂ ಮೇಸ್ತ್ರಿಯಲ್ಲ. ಧಾರವಾಡದಲ್ಲಿ ಬಿ.ಎ. ಮುಗಿಸಿ, ಕಚೇರಿಯ ನೌಕರಿ ಗುಲಾಮಗಿರಿ ಎಂದು ಬಿಟ್ಟು, ಗುಲಾಮಗಿರಿ ಅಲ್ಲದ್ದು ಯಾವುದೆಂದು ತಿಳಿಯದೆ ಲಾರಿ ಕೊಂಡವನು. ಹಾನಗಲ್ಲಿನ ಪೇಟೆಯಲ್ಲಿ ಅವನಿಗೆ ‘ಬಿ.ಎ. ಸಾವ್ಕಾರ’ ಎಂದು ಹೆಸರು. ಎದುರಿಗೆ ಗೌರವಕ್ಕೆ, ಬೆನ್ನ ಹಿಂದೆ ನಗುವುದಕ್ಕೆ. ಯುದ್ಧ ಶುರುವಾಗಿ ಪೆಟ್ರೋಲು ಸಿಗದಂತಾದಾಗ ಲಾರಿಗೆ ಇದ್ದಿಲ ಗ್ಯಾಸಿನ ಒಲೆ ಕೂಡಿಸಿದ. ಡ್ರೈವರ್ ಮಲ್ಲಿಕಸಾಬ ಮಿಲಿಟರಿಗೆ ಭರ್ತಿಯಾಗಿ ಹೋದ ಮೇಲೆ ತಾನೇ ಓಡಿಸಿದ. ಬಂಕಾಪುರದ ಹತ್ತಿರದ ಏರಿನಲ್ಲಿ, ಮೆಣಸಿನಕಾಯಿ ಚೀಲ ಹೇರಿಕೊಂಡು ಬರುವಾಗ, ಕ್ಲಚ್ಚನ್ನು ಧಡಕ್ಕನೆ ಬಿಟ್ಟ. ಹಿಂದಿನ ಗಾಲಿಗಳ ನಡುವೆ ಏನೋ ಲಟಲಟ ಮುರಿಯಿತು. ಬಿ.ಎ. ಸಾವ್ಕಾರನ ಲಾರಿಯನ್ನು ಉಡಚಪ್ಪನ ಎತ್ತುಗಳು ಊರಿಗೆ ಎಳೆದು ತಂದವು. ನೋಡಲು ಇಡೀ ಪೇಟೆ ಹೊರಗೆ ಬಂದಿತ್ತು.

ಸವಣೂರಿನ ಅಕ್ಬರಸಾಬನ ಗ್ಯಾರೇಜಿನಲ್ಲಿ, ಕೆಟ್ಟು ನಿಂತ ಬಸ್ಸೊಂದರಿಂದ ಬಿಚ್ಚಿದ ಹಲ್ಲಿನ ಚಕ್ರಗಳ ಜೋಡಿ ಸಿಕ್ಕಿತು. ದೊಡ್ಡದು ಕ್ರೌನು, ಅದನ್ನು ತಿರುಗಿಸುವ ಸಣ್ಣದು ಪಿನಿಯನ್. ಸೋಮವಾರ ಬಂದು ಕೂಡಿಸಿ ಕೊಡುತ್ತೇನೆ ಎಂದ ಅಕ್ಬರಸಾಬ. ಬೇಡ, ತಾನೇ ಹಾಕಿಕೊಳ್ಳುತ್ತೇನೆ ಎಂದ ಚನ್ನವೀರಪ್ಪ. ಹಾಗೆ ಅಂದಾಗ ಅವನ ಎದೆ ಉಬ್ಬಿತ್ತು. ಇಷ್ಟು ವರ್ಷದಲ್ಲಿ ತನ್ನ ಕೈಯಾರೆ ಏನನ್ನಾದರೂ ಮಾಡಿ ಮುಗಿಸಿದ ನೆನಪು ಅವನಿಗಿರಲಿಲ್ಲ.

ಚಕ್ರಗಳ ವಿದ್ಯೆ ಅವನಿಗೆ ಪುಸ್ತಕದಿಂದ ಗೊತ್ತಿತ್ತು. ಮದುವೆಯ ಹೊಸತರಲ್ಲಿ ಹೆಂಡತಿಗೂ ಅದನ್ನೇ ವಿವರಿಸಿದ್ದ. ಬೇರೆ ಏನು ಮಾತಾಡಬೇಕೆಂದು ಹೊಳೆದಿರಲಿಲ್ಲ. ತಿರುವಿನಲ್ಲಿ ಒಳಗಿನ ಗಾಲಿ ಕಡಿಮೆ ಉರುಳಬೇಕು, ಹೊರಗಿನದು ಹೆಚ್ಚು. ಎರಡಕ್ಕೂ ಜಗಳ ಬರದಂತೆ ನಡುವೆ ಕುಳಿತು ಸಂಭಾಳಿಸುವುದೇ ಡಿಫರೆನ್ಷಿಯಲ್. ಸರೋಜವ್ವ ಪೂರ್ತಿ ಕೇಳಿಸಿಕೊಂಡು, “ಹಂಗಾರ ಒಂದು ಗಾಲಿ ಸುದ್ದಿ ಇನ್ನೊಂದಕ್ಕ ತಿಳಿಯಂಗ ಇಲ್ಲೇನ್ರಿ?” ಎಂದಿದ್ದಳು. ಜಾಣೆ ಸಿಕ್ಕಳು ಎಂದು ಅವನಿಗೆ ಖುಷಿಯಾಗಿತ್ತು. ಅವಳು ಕೇಳಿದ್ದು ಗಾಲಿಯ ಮಾತಲ್ಲ ಎಂದು ತಿಳಿಯುವ ಹೊತ್ತಿಗೆ ಅವಳು ಕೇಳುವುದನ್ನೇ ಬಿಟ್ಟಿದ್ದಳು.

ಲಾರಿ ಮನೆಗೆ ಮುಖ ಮಾಡಿ, ರಸ್ತೆಗೆ ಬೆನ್ನು ಹಾಕಿ ನಿಂತಿತ್ತು. ನಿನ್ನೆ ಬಿಚ್ಚುವಾಗ ಅವನು ಮನೆಯ ಕಡೆ ಕಾಲು ಮಾಡಿ ಮಲಗಿದ್ದ. ಬಿಚ್ಚುವ ಮೊದಲು ಸರಿಯಾಗಿ ನೋಡಿಕೊಂಡು, ತಲೆಯ ಮೇಲಿನ ಹಲಗೆಗೆ ಸುಣ್ಣದ ಕಡ್ಡಿಯಿಂದ ‘ಕ್ರೌನು ಎಡಕ್ಕೆ’ ಎಂದು ಬರೆದ. ಅಕ್ಷರ ಗುಂಡಗಿದ್ದವು. ಆದರೆ ಹಾಗೆ ಮಲಗಿದರೆ ಎರಡು ಪಾದಗಳ ನಡುವೆ ಹೊಸ್ತಿಲು ಕಾಣುತ್ತಿತ್ತು. ಹೊಸ್ತಿಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಾ ತಾಯಿ ಕುಳಿತಿದ್ದಳು. ಆಗಾಗ ತಲೆಯೆತ್ತಿ ಇತ್ತ ನೋಡುತ್ತಿದ್ದಳು ಅಷ್ಟೇ. ಆ ನೋಟ ಅವನಿಗೆ ಸಹಿಸಲು ಆಗಲಿಲ್ಲ.

ಅದಕ್ಕೇ ಇವತ್ತು ತಿರುಗಿ ಮಲಗಿದ. ತಲೆ ಮನೆಯ ಕಡೆ, ಕಾಲು ರಸ್ತೆಯ ಕಡೆ. ಈಗ ಹೊಸ್ತಿಲು ಕಾಣುತ್ತಿರಲಿಲ್ಲ, ಮನಸ್ಸಿಗೆ ನಿರಾಳವಾಯಿತು. ಹಲಗೆಯ ಮೇಲಿನ ಅಕ್ಷರಗಳು ಮಾತ್ರ ತಲೆಕೆಳಗಾಗಿದ್ದವು. ಓದಿದವನು, ತಲೆಕೆಳಗಾದ ಅಕ್ಷರ ಅವನಿಗೆ ಯಾವ ಲೆಕ್ಕ. ಸರಾಗವಾಗಿ ಓದಿಕೊಂಡು ಕ್ರೌನನ್ನು ತನ್ನ ಎಡಗೈಯ ಕಡೆಗೆ ಕೂಡಿಸಿದ. ಅದೂ ಯಾವ ತಕರಾರೂ ಇಲ್ಲದೆ ಕುಳಿತಿತು.

ಬಿಸಿಲು ವಾಲುವ ಹೊತ್ತಿಗೆ ಕೊನೆಯ ಬೋಲ್ಟು ಬಿಗಿಯಾಯಿತು. ಹೊಸ ಎಣ್ಣೆ ಸುರಿದ. ಗಾಲಿಯನ್ನು ಕೈಯಿಂದ ತಿರುಗಿಸಿ ನೋಡಿದ. ಮೆತ್ತಗೆ, ಸದ್ದಿಲ್ಲದೆ ತಿರುಗಿತು. ಬರೀ ಸಂತೋಷಕ್ಕೆ ಇನ್ನೊಮ್ಮೆ ತಿರುಗಿಸಿದ. ಉಗುರಿನ ಕಪ್ಪು ಹೋಗುವವರೆಗೆ ಕೈ ತೊಳೆದು, ಬಿಳಿ ಅಂಗಿ ತೊಟ್ಟುಕೊಂಡ. ವೀರವ್ವ ಅಡಿಗೆಮನೆಯ ಒಲೆಯಿಂದ ಕೆಂಡ ತಂದು ಲಾರಿಯ ಒಲೆಗೆ ಹಾಕಿದಳು. ಒಳಗೆ ಹೋಗಿ ಸೊಸೆಗೆಂದು ಒಂದು ಕುಬಸದ ಖಣ ತಂದು ಮುಂದಿನ ಸೀಟಿನ ಮೇಲೆ ಇಟ್ಟಳು. ಹೊಗೆ ಕಾರಿ, ಕೆಮ್ಮಿ, ಎಂಜಿನ್ನು ಹತ್ತಿಕೊಂಡಿತು.

“ಬರ್ತೇನವ್ವ” ಅಂದ.

“ಹೋಗಿ ಬಾ” ಅಂದಳು.

ರಸ್ತೆಗೆ ಇಳಿಸಬೇಕು. ರಿವರ್ಸ್ ಗೇರು ಹಾಕಿ, ಕುತ್ತಿಗೆ ಹೊರಳಿಸಿ ರಸ್ತೆಯನ್ನು ನೋಡುತ್ತಾ ಕ್ಲಚ್ಚು ಬಿಟ್ಟ. ಲಾರಿ ಮುಂದಕ್ಕೆ, ಮನೆಯ ಮೇಲೆಯೇ ನುಗ್ಗಿತು. ವೀರವ್ವ ಹೇಗೋ ಪಕ್ಕಕ್ಕೆ ಸರಿದುಕೊಂಡಳು. ಕಟ್ಟೆಯ ಎರಡು ಕಲ್ಲು ಉರುಳಿದ ಮೇಲೆ ಲಾರಿ ನಿಂತಿತು.

ತಾನೇ ಬೇರೆ ಗೇರು ಹಾಕಿರಬೇಕು ಎಂದುಕೊಂಡ. ನೋಡಿದ. ಹಾಕಿದ್ದು ಸರಿಯಾಗಿಯೇ ಇತ್ತು. ಮೊದಲನೆಯ ಗೇರಿಗೆ ಹಾಕಿದ, ಲಾರಿ ಹಿಂದಕ್ಕೆ ಹೋಯಿತು. ಎರಡನೆಯದಕ್ಕೆ ಹಾಕಿದ, ಇನ್ನೂ ಜೋರಾಗಿ ಹಿಂದಕ್ಕೆ ಹೋಗಿ ರಸ್ತೆಯ ನಡುವೆ ಬಂದು ನಿಂತಿತು.

ಬಿಳಿ ಅಂಗಿಯಲ್ಲೇ ಕೆಳಗೆ ತೂರಿ, ನಿನ್ನೆ ಮಲಗಿದಂತೆ ಮಲಗಿದ. ಅಕ್ಷರಗಳು ನೆಟ್ಟಗಿದ್ದವು. ಕ್ರೌನು ಬಲಕ್ಕಿತ್ತು. ಅದು ಮಗ್ಗುಲು ಬದಲಿಸಿದ್ದಕ್ಕೇ ಗಾಲಿಗಳು ಉಲ್ಟಾ ತಿರುಗಿದ್ದವು. ಅಳು ಬರಬೇಕಾದಲ್ಲಿ ಅವನಿಗೆ ನಗು ಬಂತು.

ಮತ್ತೆ ಬಿಚ್ಚಿ ಕೂಡಿಸಲು ನಾಳೆ ಮಧ್ಯಾಹ್ನವಾಗುತ್ತದೆ. ಉಡಚಪ್ಪ ಆಗಲೇ ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗಿದ್ದ. ಕೆರೆಯಾಚೆಯಿಂದ ಅವನನ್ನು ಕರೆಸಿದರೂ ಎತ್ತುಗಳು ದೀಪದೊಳಗೆ ಮುಟ್ಟುವುದಿಲ್ಲ. ಮುಂದಕ್ಕೆ ಹೋಗಲು ಉಳಿದದ್ದು ಇದೊಂದೇ ರಿವರ್ಸ್ ಗೇರು. ಅದರಲ್ಲಿ ಹೋದರೆ ಎತ್ತುಗಳೇ ವಾಸಿ, ಊರು ದಾಟುವುದರೊಳಗೆ ನೀರು ಕುದಿಯುತ್ತದೆ. ಉಳಿದ ಗೇರುಗಳೆಲ್ಲ ಹಿಂದಕ್ಕೆ.

“ಇರಲಿ ಬಿಡಪ್ಪ. ನಾಳೆ ಹೋಗು” ಎಂದಳು ವೀರವ್ವ.

“ನಾಳೆ ಆಕಿ ಇರಂಗಿಲ್ಲವ್ವ. ಹೋಗ್ತೇನಿ ಅಂತಂದು ಹೋಗ್ಯಾಳ.”

ಅದನ್ನು ಅವನು ಯಾರ ಮುಂದೆಯೂ ಆಡಿರಲಿಲ್ಲ. ವೀರವ್ವ ಹತ್ತಿರ ಬಂದು ಅವನ ಅಂಗಿಯ ಧೂಳು ಕೊಡವಿದಳು.

“ನನಗ ಬರ್ತೇನತ್ತಿ ಅಂದ್ಲಲ್ಲೋ.”

ಅವನು ತಾಯಿಯ ಕಡೆ ನೋಡಲಿಲ್ಲ. ಅಂದರೆ ಬಾಯಿ ತಪ್ಪಿರಲಿಲ್ಲ. ಒಬ್ಬರಿಗೆ ಒಂದು ಮಾತು, ಇನ್ನೊಬ್ಬರಿಗೆ ಒಂದು ಮಾತು, ತೂಗಿ ಕೊಟ್ಟು ಹೋಗಿದ್ದಳು. ಲಾರಿ ಹತ್ತಿ ಕುಳಿತ.

ಹಿಂದುಮುಂದಾಗಿಯೇ ಹೊರಟ. ಹಂಸಭಾವಿ ಬೆನ್ನಿಗಿತ್ತು, ಹಾನಗಲ್ಲು ಕಣ್ಣಿಗಿತ್ತು. ಒಂದು ಕೈಯಲ್ಲಿ ಬಾಗಿಲು ಹಿಡಿದು ಹೊರಗೆ ಬಾಗಿ, ಹಿಂದೆ ನೋಡುತ್ತಾ, ಇನ್ನೊಂದು ಕೈಯಲ್ಲಿ ಸ್ಟೇರಿಂಗು ತಿರುವುತ್ತಾ ನಡೆಸಿದ. ಕತ್ತು ನೋಯತೊಡಗಿದಾಗ ಮುಂದಕ್ಕೆ ತಿರುಗಿದರೆ, ಗಾಜಿನಲ್ಲಿ ಮನೆ, ಮನೆಯ ಮುಂದೆ ತಾಯಿ. ಎಷ್ಟು ದೂರ ಬಂದರೂ ಮನೆ ಸಣ್ಣದಾಗುತ್ತಿತ್ತೇ ಹೊರತು ಹಿಂದೆ ಬೀಳುತ್ತಿರಲಿಲ್ಲ. ಇದ್ದಿಲ ಹೊಗೆ ಮುಖಕ್ಕೇ ಬರುತ್ತಿತ್ತು.

ಕೆರೆಯ ಏರಿಯ ಮೇಲೆ ಹೊಲದಿಂದ ಮರಳುತ್ತಿದ್ದ ಉಡಚಪ್ಪ ಸಿಕ್ಕ. ಎತ್ತುಗಳು ಬೆದರಿದವು. ಅವನು ಚಕ್ಕಡಿಯನ್ನು ಅಂಚಿಗೆ ಒತ್ತಿ ನಿಲ್ಲಿಸಿ, ಲಾರಿಯ ಮೋರೆಯನ್ನೂ ಬೆನ್ನನ್ನೂ ಒಮ್ಮೆ ನೋಡಿದ. ಅವನ ಮಾತಿನಲ್ಲಿ ಕುಚೋದ್ಯವಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ.

“ಸಾವ್ಕಾರ್ರ, ಹೊಂಟೀರೋ, ಬರಾಕತ್ತೀರೋ?”

ಚನ್ನವೀರಪ್ಪ ‘ಹೂಂ’ ಅಂದ.

ಏರಿ ಮುಗಿಯುವ ಇಳಿಜಾರಿನಲ್ಲಿ ಬೆನ್ನ ಕಡೆಯಿಂದ ಹಾರ್ನು ಕೇಳಿತು. ಹಂಸಭಾವಿಯಿಂದ ಹಾನಗಲ್ಲಿಗೆ ಬರುವ ಸಂಜೆಯ ಬಸ್ಸು. ಅವನು ಅಂಚಿಗೆ ಸರಿದು ನಿಂತ. ಬಸ್ಸು ಮೈ ಉಜ್ಜಿಕೊಂಡೇ ಪಕ್ಕದಲ್ಲಿ ಹಾಯಿತು. ಕಿಟಕಿಗಳಲ್ಲಿ ಧೂಳಿಗೆ ಸೆರಗು ಮುಚ್ಚಿಕೊಂಡ ಹೆಂಗಸರು. ಯಾರ ಮುಖವೂ ಮುಖವಾಗಿರಲಿಲ್ಲ. ಕೊನೆಯ ಕಿಟಕಿಯ ಸೆರಗು ಲಾರಿಯನ್ನು ನೋಡಿ ತಟ್ಟನೆ ಮೇಲೆದ್ದಂತಾಯಿತು. ಬಸ್ಸಿನ ತಲೆಯ ಮೇಲೆ ಹಸಿರು ಟ್ರಂಕಿತ್ತು. ಹಸಿರಲ್ಲದ ಟ್ರಂಕು ಆಗ ಯಾರ ಮನೆಯಲ್ಲಿತ್ತು?

ಬಸ್ಸು ಮುಂದಾಯಿತು. ಇಡೀ ದಾರಿಯಲ್ಲಿ ಮೊದಲ ಸಲ, ಅವನು ನೋಡಬೇಕಾದದ್ದು ಅವನ ಕಣ್ಣ ಮುಂದೆಯೇ ಇತ್ತು. ಹಾರ್ನು ಹೊಡೆದ, ಬಿಡದೆ ಹೊಡೆದ. ಬಸ್ಸು ನಿಧಾನ ಮಾಡಿತು. ಧೂಳಿನಿಂದ ಒಂದು ಕೈ ಹೊರಗೆ ಬಂದು, ಮುಂದೆ ಬಾ, ಬಾ ಎಂದು ಬೀಸಿತು. ಡ್ರೈವರನದೋ, ಕೊನೆಯ ಕಿಟಕಿಯದೋ, ಕಾಣಲಿಲ್ಲ.

ಬಂದೆ ಅಂದ, ಗಟ್ಟಿಯಾಗಿಯೇ ಅಂದ. ಕೈಗೆ ರೂಢಿಯಾದಂತೆ ಮೊದಲನೆಯ ಗೇರು ಹಾಕಿ, ಕಾಲೊತ್ತಿ, ಕ್ಲಚ್ಚು ಬಿಟ್ಟ. ಸೀಟಿನ ಮೇಲಿನ ಖಣ ಜಾರಿ ಅವನ ಕಾಲ ಬಳಿ ಬಿತ್ತು. ಅವನು ಇನ್ನೂ ಜೋರಾಗಿ ಒತ್ತಿದ. ಗಾಜಿನಲ್ಲಿ ಬೀಸುತ್ತಿದ್ದ ಕೈ ಸಣ್ಣದಾಯಿತು, ಇನ್ನೂ ಸಣ್ಣದಾಯಿತು. ಆಮೇಲೆ ಒಳಗೆ ಹೋಯಿತು.