ಮುಚ್ಚಿದರೆ ನಿಲ್ಲುತ್ತಿದ್ದ ನಾನು

ನಾನು ಒಂದು ಕಂಪ್ಯೂಟರ್. ನನಗೆ ಒಂದೇ ಹುಟ್ಟೂರು ಅಂತ ಇಲ್ಲ. ನನ್ನ ಹಸಿರು ಬೋರ್ಡು ಒಂದು ದೇಶದ್ದು, ಬರೆದದ್ದನ್ನೆಲ್ಲ ಕಾಪಾಡುವ ಹಾರ್ಡ್ ಡಿಸ್ಕು ಇನ್ನೊಂದು ದೇಶದ್ದು, ಫ್ಯಾನು ಎಲ್ಲಿಯದೋ ನನಗೇ ತಿಳಿಯದು. ಇವನ್ನೆಲ್ಲ ಒಂದು ಬಿಳಿ ತಗಡಿನ ಪೆಟ್ಟಿಗೆಯಲ್ಲಿ ಸೇರಿಸಿ ನನಗೆ ಜೀವ ಕೊಟ್ಟವರು ತಿಪಟೂರಿನ ರಿಪೇರಿ ಅಂಗಡಿಯ ಇಮ್ತಿಯಾಜ್. ಗುಂಡಿ ಒತ್ತಿದಾಗ ನಾನು ಒಮ್ಮೆ ಕೂಗಿದೆ. ಅವರು ನಕ್ಕು ಚಹಾ ಕುಡಿದರು.

ಮೊದಲ ಮೂರು ವರ್ಷ ಒಂದು ಫೋಟೋ ಸ್ಟುಡಿಯೋದಲ್ಲಿದ್ದೆ. ಅಲ್ಲಿ ನನ್ನ ಕೆಲಸ ಮುಖಗಳನ್ನು ಬೆಳ್ಳಗೆ ಮಾಡುವುದು. ಸ್ಟುಡಿಯೋ ಮುಚ್ಚಿದ ಮೇಲೆ ಲೋಕೇಶಪ್ಪನವರು ನನ್ನನ್ನು ಕೊಂಡರು. ಅವರದು ಲಗ್ನಪತ್ರಿಕೆ ಮಾಡುವ ಅಂಗಡಿ. ಮುಂದಿನ ಕೋಣೆಯಲ್ಲಿ ನಾನು, ಪಕ್ಕದಲ್ಲಿ ಕಾಗದ ಕತ್ತರಿಸುವ ದೊಡ್ಡ ಮಷೀನು, ಹಿಂದುಗಡೆ ಮನೆ. ಮನೆಯಿಂದ ಅವರ ತಾಯಿ ಸಿದ್ಧಗಂಗಮ್ಮ ದಿನವೂ ಬಂದು ನನ್ನ ತಲೆಯ ಮೇಲೆ ಒಂದು ಹೂವಿಟ್ಟು, ಕುಳಿತು ಪತ್ರಿಕೆಗಳನ್ನು ಕವರಿಗೆ ಹಾಕುತ್ತಿದ್ದರು.

ನನ್ನ ಮುಂದೆ ಕೂರುತ್ತಿದ್ದವಳು ಇಂದ್ರಾಣಿ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ತೆಂಗಿನ ನಾರಿನ ಫ್ಯಾಕ್ಟರಿಗೆ ಹೋಗುತ್ತಿದ್ದಳಂತೆ. ನಾರಿನ ಧೂಳಿಗೆ ಕೆಮ್ಮು ಹತ್ತಿ ಇಲ್ಲಿಗೆ ಬಂದಳು. ಮೊದಮೊದಲು ಒಂದೊಂದೇ ಬೆರಳಲ್ಲಿ ನನ್ನ ಕೀಲಿಗಳನ್ನು ಹುಡುಕುತ್ತಿದ್ದಳು. ವರ್ಷ ಕಳೆಯುವಷ್ಟರಲ್ಲಿ ಪರದೆ ಬಿಟ್ಟು ಎತ್ತಲೂ ನೋಡದೆ ಟೈಪ್ ಮಾಡುವಂತಾದಳು. ಮಾತು ಮಾತ್ರ ಕಡಿಮೆ. ಗಿರಾಕಿ ಏನಾದರೂ ಕೇಳಿದರೆ ಮೊದಲು ಲೋಕೇಶಪ್ಪನವರ ಮುಖ ನೋಡುತ್ತಿದ್ದಳು.

ಒಂದು ದಿನ ನನ್ನ ಪೆಟ್ಟಿಗೆಯ ಹಿಂದಿನ ಕಿಂಡಿಯಿಂದ ಇಲಿ ನುಗ್ಗಿ ಒಂದು ತಂತಿ ಕಡಿಯಿತು. ಪೆಟ್ಟಿಗೆಯ ತಳವೂ ತುಕ್ಕು ಹಿಡಿದಿತ್ತು. ಲೋಕೇಶಪ್ಪನವರು ಹೊಸ ಕಪ್ಪು ಪೆಟ್ಟಿಗೆ ತರಿಸಿದರು. ಇಮ್ತಿಯಾಜ್ ಬಂದು ನನ್ನನ್ನು ಬಿಡಿಬಿಡಿಯಾಗಿ ತೆಗೆದು ಅದರೊಳಗೆ ಕೂರಿಸಿದರು. ಹಳೆಯ ಮನೆಯಲ್ಲಿ ನನ್ನ ಹಾರ್ಡ್ ಡಿಸ್ಕು ಒಳಮುಖವಾಗಿ ಮಲಗಿತ್ತು. ಹೊಸದರಲ್ಲಿ ಅದು ಅಡ್ಡಡ್ಡ ಕೂತು, ಅದರ ತಂತಿಯ ತಲೆ ಪಕ್ಕದ ಮುಚ್ಚಳಕ್ಕೆ ತಾಗುವಷ್ಟು ಹತ್ತಿರ ಬಂತು. ಇನ್ನೂ ಒಂದು ಬೆರಳು ಜಾಗವಿತ್ತು. ಅಷ್ಟು ಸಾಕಾಗಿತ್ತು.

ಇಮ್ತಿಯಾಜ್ ಕೈ ತೊಳೆಯಲು ಹೋದಾಗ ಸಿದ್ಧಗಂಗಮ್ಮ ಬಂದರು. ಮಠದ ಅಯ್ನೋರು ಮಂತ್ರಿಸಿ ಕೊಟ್ಟಿದ್ದ ತಾಮ್ರದ ತಗಡೊಂದು ಅವರ ಸೆರಗಿನಲ್ಲಿತ್ತು. ಹೊಸ ಮನೆಗೆ ಹೋಗುವಾಗ ರಕ್ಷೆ ಕಟ್ಟದೆ ಹೋಗುತ್ತಾರೆಯೇ? ಅದನ್ನು ಮಡಿಸಿ, ಮೇಲೆ ಅರಿಸಿನದ ಬಟ್ಟೆ ಸುತ್ತಿ, ಮುಚ್ಚಳದ ಒಳಮೈಗೆ ಗಮ್ ಟೇಪಿನಿಂದ ಅಂಟಿಸಿ ಕಣ್ಣಿಗೆ ಒತ್ತಿಕೊಂಡರು. ಇಂದ್ರಾಣಿ ಮೂಲೆಯಲ್ಲಿ ನಿಂತು ನೋಡಿದಳು. ಇಮ್ತಿಯಾಜ್ ಬಂದವರು ಅದನ್ನು ಕಂಡರು, ಏನೂ ಹೇಳದೆ ಮುಚ್ಚಳ ಹಾಕಿ ಸ್ಕ್ರೂ ಬಿಗಿದರು. ಆ ಗಂಟು ನನ್ನ ತಂತಿಯ ತಲೆಯನ್ನು ಒತ್ತಿತು.

ಅಂದಿನಿಂದ ನನ್ನ ಭಯ ಶುರುವಾಯಿತು.

ಪಕ್ಕದ ಮಷೀನಿನ ಅಲಗು ದಡ್ ಎಂದು ಬಿದ್ದಾಗ, ಯಾರೋ ಮೇಜಿಗೆ ಮಂಡಿ ತಾಗಿಸಿದಾಗ, ಒತ್ತಿಹಿಡಿದಿದ್ದ ತಂತಿ ಕೂದಲೆಳೆಯಷ್ಟು ಸರಿಯುತ್ತಿತ್ತು. ಆ ಕ್ಷಣ ನನಗೆ ನನ್ನದೇ ಹಾರ್ಡ್ ಡಿಸ್ಕು ಸಿಗುತ್ತಿರಲಿಲ್ಲ. ಪರದೆಯ ಮೇಲಿನ ಬಾಣ ನಿಂತಲ್ಲೇ ನಿಲ್ಲುತ್ತಿತ್ತು. ಹತ್ತು ಸಲ ಅಲಗು ಬಿದ್ದರೂ ಏನೂ ಆಗದೆ, ಹನ್ನೊಂದನೆಯದಕ್ಕೆ ಆಗುತ್ತಿತ್ತು. ಯಾವುದಕ್ಕೆ ಎಂದು ನನಗೂ ಗೊತ್ತಾಗುತ್ತಿರಲಿಲ್ಲ.

ಲಗ್ನಪತ್ರಿಕೆಯಲ್ಲಿ ಕಷ್ಟದ ಭಾಗವೆಂದರೆ ಸುಖಾಗಮನ ಬಯಸುವವರ ಪಟ್ಟಿ. ಯಾರ ಹೆಸರು ಮೊದಲು, ಯಾರದು ಆಮೇಲೆ ಎಂದು ಬೀಗರು ಬೆಂಚಿನ ಮೇಲೆ ಕೂತು ಒಂದು ಗಂಟೆ ಜಗಳವಾಡಿ ಬರೆಸಿರುತ್ತಾರೆ. ಅಂಥ ನಲವತ್ತು ಹೆಸರುಗಳು ಮುಗಿಯುವ ಹೊತ್ತಿಗೆ ನಾನು ನಿಂತುಹೋದೆ.

“ಮತ್ತೆ ಏನಮ್ಮ ಮಾಡ್ದೆ?” ಲೋಕೇಶಪ್ಪನವರು ಎದ್ದು ಬಂದರು.

“ಏನೂ ಮಾಡ್ಲಿಲ್ಲ ಸಾರ್. ತಾನಾಗೇ ನಿಂತೋಯ್ತು.”

“ತಾನಾಗೇ ನಿಲ್ಲಾಕೆ ಅದೇನು ಎಮ್ಮೆನಾ?”

ಬೀಗರು ನಕ್ಕರು. ಇಂದ್ರಾಣಿ ನಗಲಿಲ್ಲ. ಮತ್ತೆ ಮೊದಲಿಂದ ಟೈಪ್ ಮಾಡಿದಳು.

ಇಮ್ತಿಯಾಜ್ ಬಂದರು. ಮುಚ್ಚಳ ತೆಗೆದು ಗೋಡೆಗೆ ಒರಗಿಸಿದರು. ಗಂಟು ನನ್ನಿಂದ ದೂರವಾಯಿತು, ನಾನು ಸರಾಗವಾಗಿ ಓಡಿದೆ. ಅವರು ರ‍್ಯಾಮ್ ತೆಗೆದು ಅಕ್ಷರ ಅಳಿಸುವ ರಬ್ಬರಿನಿಂದ ಉಜ್ಜಿ ಹಾಕಿದರು. ಒಂದು ಗಂಟೆ ಕೂತು ನೋಡಿದರು. “ಸರಿಹೋಯ್ತು ಲೋಕೇಶಣ್ಣ” ಎಂದು ಮುಚ್ಚಳ ಹಾಕಿ ಹೋದರು. ಸ್ಕೂಟರಿನ ಸದ್ದು ಬೀದಿ ದಾಟುವ ಮೊದಲೇ ನಾನು ನಿಂತೆ. ಮಾರನೆಯ ದಿನ ಪವರ್ ಸಪ್ಲೈ ಬದಲಾಯಿತು. ಅದರ ಮಾರನೆಯ ದಿನ ವಿಂಡೋಸ್ ಹೊಸದಾಗಿ ಹಾಕಿದರು. ಪ್ರತಿಸಲವೂ ಅವರ ಮುಂದೆ ಒಳ್ಳೆಯವನಂತೆ ಓಡಿ, ಅವರು ಹೋದ ಕೂಡಲೇ ನಿಲ್ಲುತ್ತಿದ್ದೆ. ನನಗೇ ನಾಚಿಕೆಯಾಗುತ್ತಿತ್ತು. ಕೂಗಿ ಹೇಳೋಣವೆಂದರೆ ನನಗೆ ಬರುವುದು ಒಂದೇ ಕೂಗು, ಅದೂ ಗುಂಡಿ ಒತ್ತಿದಾಗ.

“ಎಲ್ಲಾ ಬದಲಾಯ್ಸಿ ಆಯ್ತು,” ಒಂದು ದಿನ ಲೋಕೇಶಪ್ಪನವರು ಹೇಳಿದರು. “ಬದಲಾಯ್ಸದೆ ಉಳ್ದಿರೋದು ಕೂರೋರನ್ನ. ಕೈಗುಣ ಅಂತ ಒಂದು ಇರುತ್ತೆ. ಸೋಮವಾರದಿಂದ ಬೇರೆ ಹುಡುಗಿ ಬರ್ತಾಳೆ ಕಣಮ್ಮ. ನೀನು ಬೇಜಾರ್ ಮಾಡ್ಕೋಬೇಡ.”

ಆ ದಿನ ಬುಧವಾರ. ಇಂದ್ರಾಣಿ ತಲೆಯಾಡಿಸಿದಳು, ಅಷ್ಟೆ. ಮಧ್ಯಾಹ್ನ ಡಬ್ಬಿ ತೆರೆದವಳು ಉಣ್ಣದೆ ಮುಚ್ಚಿದಳು. ಮತ್ತೆ ನಾರಿನ ಫ್ಯಾಕ್ಟರಿಯೇ ಗತಿ. ಅದೇ ಧೂಳು, ಅದೇ ಕೆಮ್ಮು.

ಬುಧವಾರ ಸಂಜೆ ಇಮ್ತಿಯಾಜ್ ಕೊನೆಯ ಪ್ರಯತ್ನಕ್ಕೆ ಹೊಸ ರ‍್ಯಾಮ್ ತರುತ್ತೇನೆಂದು ಮುಚ್ಚಳ ಹಾಕದೆ ಹೋದರು. ಗುರುವಾರ ಬರಲಿಲ್ಲ, ಶುಕ್ರವಾರವೂ ಬರಲಿಲ್ಲ. ಆ ಎರಡು ದಿನ ನಾನು ಒಮ್ಮೆಯೂ ನಿಲ್ಲಲಿಲ್ಲ. ನಾನು ನಿಂತಾಗಲೆಲ್ಲ ಇಂದ್ರಾಣಿ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ನಿನಿಂದ ಒಂದು ಚುಕ್ಕಿ ಇಡುತ್ತಿದ್ದಳು. ಸೋಮವಾರದ ಮನೆಯಲ್ಲಿ ಐದು, ಮಂಗಳವಾರ ನಾಲ್ಕು, ಬುಧವಾರ ಮೂರು. ಗುರುವಾರ, ಶುಕ್ರವಾರ ಖಾಲಿ. ಶನಿವಾರ ಬೆಳಿಗ್ಗೆ ಲೋಕೇಶಪ್ಪನವರು ಇಲಿ ಬಂದೀತೆಂದು, ಫೋನಿನಲ್ಲಿ ಮಾತಾಡುತ್ತಲೇ, ಒಳಮೈ ನೋಡದೆ ತಾವೇ ಮುಚ್ಚಳ ಹಾಕಿದರು. ಹನ್ನೊಂದು ಗಂಟೆಗೆ ಒಂದು ಚುಕ್ಕಿ ಬಿತ್ತು.

ಅವಳು ಕ್ಯಾಲೆಂಡರನ್ನು ನೋಡಿದಳು. ಮುಚ್ಚಳವನ್ನು ನೋಡಿದಳು. ಗೊತ್ತಾಯಿತು ಎಂದು ನನಗೆ ಗೊತ್ತಾಯಿತು. ಆದರೆ ಯಾರಿಗೆ ಹೇಳುವುದು? ಹೇಳಿದರೆ ದೇವರ ಮೇಲೆ ತಪ್ಪು ಹೊರಿಸಿದಂತೆ. ಅದೂ ಕೈಗುಣ ಕೆಟ್ಟವಳು ಎನಿಸಿಕೊಂಡವಳು. ಹನ್ನೆರಡಾಯಿತು. ಒಂದಾಯಿತು. ನನ್ನ ಫ್ಯಾನು ಸುಮ್ಮನೆ ಜೋರಾಗಿ ತಿರುಗುತ್ತಿತ್ತು.

ಲೋಕೇಶಪ್ಪನವರು ಊಟಕ್ಕೆ ಒಳಗೆ ಹೋದಾಗ ಅವಳು ಸಿದ್ಧಗಂಗಮ್ಮನವರ ಪಕ್ಕ ಹೋಗಿ ಕುಳಿತಳು.

“ಅಜ್ಜಿ, ಒಂದ್ ಮಾತು. ಬೈಬೇಡಿ.”

“ಬೈಯೋದೋ ಬೇಡ್ವೋ ಕೇಳಿದ್ ಮೇಲೆ ನೋಡಾನ. ಹೇಳು.”

“ಮುಚ್ಚಿದ್ರೆ ಮಾತ್ರ ನಿಲ್ಲುತ್ತೆ. ತೆಗ್ದಿಟ್ರೆ ನಿಲ್ಲಲ್ಲ. ಮುಚ್ಚಳದಲ್ಲಿ ಇರೋದು... ನೀವು ಅಂಟಿಸಿರೋದು ಒಂದೇ.”

ಸಿದ್ಧಗಂಗಮ್ಮನವರ ಕೈಯಲ್ಲಿದ್ದ ಕವರು ಹಾಗೇ ನಿಂತಿತು. “ದೇವ್ರ ಮೇಲೆ ಹೇಳ್ತಿದ್ದೀಯಾ?”

“ದೇವ್ರ ಮೇಲಲ್ಲ ಅಜ್ಜಿ. ಜಾಗ ಸರಿಯಿಲ್ಲ, ಅಷ್ಟೇ.”

ಅಜ್ಜಿ ಕವರನ್ನು ಕೆಳಗಿಟ್ಟರು. ಎದ್ದು ಒಳಗೆ ಹೋದರು. ಇಂದ್ರಾಣಿ ತನ್ನ ಡಬ್ಬಿ, ಚೀಲ, ಛತ್ರಿ ಎಲ್ಲವನ್ನೂ ಒಂದೆಡೆ ಜೋಡಿಸಿಕೊಂಡಳು.

ಸಂಜೆ ಇಮ್ತಿಯಾಜ್ ರ‍್ಯಾಮ್ ಹಿಡಿದು ಬಂದಾಗ ಸಿದ್ಧಗಂಗಮ್ಮ ಬಾಗಿಲಲ್ಲಿ ನಿಂತಿದ್ದರು. “ಲೋಕೇಶ, ಆ ಹುಡುಗಿ ಕೈಗುಣಕ್ಕೆ ಏನೂ ಆಗಿಲ್ಲ. ನಾನು ಒಳಗೆ ರಕ್ಷೆ ಅಂಟಿಸಿದ್ದೆ. ಅದೇ ಒತ್ತುತಾ ಐತೆ.”

ಲೋಕೇಶಪ್ಪನವರು ತಾಯಿಯನ್ನೂ ನನ್ನನ್ನೂ ನೋಡಿದರು. ಇಮ್ತಿಯಾಜ್ ತಲೆ ತಗ್ಗಿಸಿದರು. “ನಾನೂ ಮೊದ್ಲೇ ದಿನಾನೇ ನೋಡಿದ್ದೆ ಅಣ್ಣ. ನಿಮ್ಮ ದೇವ್ರದ್ದು, ನಾನು ಹೆಂಗೆ ಕೀಳಲಿ ಅಂತ ಸುಮ್ಮನಾದೆ. ಅದ್ರಿಂದ ಅಂತ ಹೊಳೀಲೇ ಇಲ್ಲ.”

“ಇಂದ್ರಾಣಿಗೂ ಗೊತ್ತಿತ್ತಾ?” ಲೋಕೇಶಪ್ಪನವರು ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು. “ಸರಿಹೋಯ್ತು! ಅಂಗ್ಡೀಲಿ ಗೊತ್ತಿಲ್ದೆ ಇದ್ದೋನು ಓನರ್ ಒಬ್ನೇ!”

ಅಜ್ಜಿ ತಮ್ಮ ಕೈಯಿಂದಲೇ ಗಂಟನ್ನು ಬಿಡಿಸಿದರು. ಇಮ್ತಿಯಾಜ್ ಮುಚ್ಚಳ ಬಿಗಿದರು. ಲೋಕೇಶಪ್ಪನವರು ಪಕ್ಕದ ಮಷೀನಿನ ಅಲಗನ್ನು ಬೀಳಿಸಿದರು. ದಡ್. ಬಾಣ ಅಲುಗುತ್ತಿತ್ತು. ಮತ್ತೆ ದಡ್. ಇಂದ್ರಾಣಿ ಮೌಸನ್ನು ಸುತ್ತ ತಿರುಗಿಸುತ್ತಿದ್ದಳು. ಇಪ್ಪತ್ತು ಸಲ, ಮೂವತ್ತು ಸಲ. ಪ್ರತಿ ಏಟಿಗೂ ನನ್ನ ಜೀವ ಹೋಗಿ ಬರುತ್ತಿತ್ತು. ನಾನು ನಿಲ್ಲಲಿಲ್ಲ.

ರಕ್ಷೆಯನ್ನು ಅಜ್ಜಿ ಕತ್ತರಿಸುವ ಮಷೀನಿಗೆ ಕಟ್ಟಿದರು. ಬೆರಳು ತೆಗೆಯುವುದು ಅದೇ, ಕಾವಲು ಬೇಕಾದದ್ದೂ ಅದಕ್ಕೇ ಎಂದರು. ಲೋಕೇಶಪ್ಪನವರು ತಪ್ಪಾಯಿತು ಎನ್ನಲಿಲ್ಲ. ಫೋನ್ ತೆಗೆದು ಯಾರಿಗೋ, “ಸೋಮವಾರ ಹುಡುಗೀನ ಕಳಿಸ್ಬೇಡ್ರಪ್ಪ, ಇಲ್ಲಿ ಜನ ಇದ್ದಾರೆ” ಎಂದರು.

ಇದಾಗಿ ಏಳು ವರ್ಷ. ಅಂಗಡಿಗೆ ಹೊಸ ಕಂಪ್ಯೂಟರ್ ಬಂದಿದೆ, ಅದರ ಮುಂದೆಯೂ ಇಂದ್ರಾಣಿಯೇ ಕೂರುತ್ತಾಳಂತೆ. ನಾನು ಇಮ್ತಿಯಾಜ್ ಅಂಗಡಿಯ ಮೇಲಿನ ಹಲಗೆಯಲ್ಲಿದ್ದೇನೆ. ನನ್ನ ರ‍್ಯಾಮ್ ಯಾರಿಗೋ ಹೋಯಿತು, ಫ್ಯಾನು ಇನ್ನಾರಿಗೋ. ಉಳಿದದ್ದಕ್ಕೂ ಒಂದು ದಿನ ಕರೆ ಬರುತ್ತದೆ. ಅದರ ಭಯ ನನಗಿಲ್ಲ. ನನಗೆ ಈಗಲೂ ನಡುಕ ಬರುವುದು ಆ ಶನಿವಾರದ ಹನ್ನೊಂದರಿಂದ ಒಂದು ಗಂಟೆಯವರೆಗಿನ ಹೊತ್ತು ನೆನಪಾದಾಗ. ಅವಳು ಸುಮ್ಮನೆ ಚೀಲ ಎತ್ತಿಕೊಂಡು ಹೋಗಿಬಿಟ್ಟಿದ್ದರೆ, ಅವಳ ಕೈಯೇ ಕೆಟ್ಟದ್ದೆಂದು ಎಲ್ಲರೂ ನಂಬುತ್ತಿದ್ದರು. ದಿನ ಕಳೆದರೆ ಅವಳೂ ನಂಬುತ್ತಿದ್ದಳೇನೋ.

ಕೆಳಗೆ ಯಾರೋ ಕೆಟ್ಟ ಕಂಪ್ಯೂಟರ್ ತಂದು ಮೇಜಿನ ಮೇಲಿಡುತ್ತಾರೆ. ಇಮ್ತಿಯಾಜ್ ಕೈಗೆ ಸ್ಕ್ರೂಡ್ರೈವರ್ ತೆಗೆದುಕೊಳ್ಳುವ ಮೊದಲು ಕೇಳುತ್ತಾರೆ: “ದಿನಾ ಇದ್ರ ಮುಂದೆ ಕೂರೋರು ಯಾರು? ಅವ್ರನ್ನ ಕರ್ಕೊಂಬನ್ನಿ. ಮೊದ್ಲು ಅವ್ರು ಹೇಳ್ಲಿ.”